ಹನ್ನೆರಡನೆಯ ಫ್ಲಾಪಿ

ಎಂಬತ್ತರ ದಶಕದ ಕೊನೆಗೆ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ನಾನು ಯೂನಿಕ್ಸ್ ತಂತ್ರಾಂಶದಿಂದ ನಡೆಯುವ ಕಂಪ್ಯೂಟರ್ ಯಂತ್ರದ ಪಾಲಕನಾಗಿದ್ದೆ. ಯಾವ ಲೇತಿನಲ್ಲಿ ಯಾರು ಏನು ಮಾಡಬೇಕೆಂಬ ಚೀಟಿಗಳನ್ನು ಅದು ಅಚ್ಚು ಹಾಕುತ್ತಿತ್ತು.

ಯೂನಿಕ್ಸಿನ ಹೊಸ ಆವೃತ್ತಿ ಹನ್ನೆರಡು ಫ್ಲಾಪಿಗಳಲ್ಲಿ ಬಂತು. ಬೇಯಿಸಿದ ಅಡುಗೆ ಮಾತ್ರ. ಮಾಡುವ ಬಗೆ, ಅಂದರೆ ಮೂಲ ಪ್ರೋಗ್ರಾಮು, ಅದನ್ನು ಮಾರಿದ ಕಂಪನಿಯ ಗುಟ್ಟು. ಕರಾರಿನಂತೆ ಹಳೆಯ ಆವೃತ್ತಿಯ ಫ್ಲಾಪಿಗಳನ್ನು ಅವರಿಗೆ ಒಪ್ಪಿಸಿಯಾಗಿತ್ತು. ಪ್ಲಾನಿಂಗ್ ವಿಭಾಗದ ಹಿರಿಯರು, "ನಡೀತಿರೋದನ್ನ ಯಾಕ್ರೀ ಮುಟ್ತೀರಾ?" ಎಂದರು. ಸೋಮವಾರ ಬೆಳಿಗ್ಗೆ ಚೀಟಿ ಬರದಿದ್ದರೆ ರಾಜೀನಾಮೆ ಕೊಡುವೆನೆಂದು, ಯಾರೂ ಕೇಳದಿದ್ದರೂ, ಘೋಷಿಸಿಬಿಟ್ಟೆ.

ಭಾನುವಾರ ಸ್ನಾನ ಮಾಡಿ ಕಾರ್ಖಾನೆಗೆ ಬಂದು, ಫ್ಲಾಪಿ ಪೆಟ್ಟಿಗೆಯನ್ನು ಯಂತ್ರದ ಕೋಣೆಯಲ್ಲಿದ್ದ ಗಣಪತಿ ಪಟದ ಮುಂದಿಟ್ಟೆ. ಒಂದು ಫ್ಲಾಪಿಯನ್ನು ಕಾಗದದ ಚೀಲದಿಂದ ತೆಗೆದು, ಎಲ್ಲದರ ಪ್ರತಿನಿಧಿಯೆಂದು ಅದಕ್ಕೆ ಕುಂಕುಮ ಹಚ್ಚಿದೆ. ಪುಡಿ ಉದುರಬಾರದೆಂಬ ತಾಂತ್ರಿಕ ಎಚ್ಚರಿಕೆಯಿಂದ ನೀರಿನಲ್ಲಿ ಕಲಸಿದ್ದೆ. ಹಚ್ಚುವಾಗ ಭಕ್ತಿಯಿಂದ ಕಣ್ಣು ಮುಚ್ಚಿದ್ದೆ.

ಹಳೆಯದನ್ನು ಅಳಿಸಿಕೊಳ್ಳುತ್ತ ಯಂತ್ರ ಹನ್ನೊಂದು ಫ್ಲಾಪಿಗಳನ್ನು ನುಂಗಿತು. ಹನ್ನೆರಡನೆಯದನ್ನು ಓದಲಿಲ್ಲ. ತೆಗೆದು ನೋಡಿದರೆ, ಸೀಳಿನಲ್ಲಿ ಕಾಣುವ ಕಪ್ಪು ತಟ್ಟೆಯ ಮೇಲೆಯೇ ಕುಂಕುಮ.

ಯಂತ್ರ ಈಗ ಅರ್ಧ ಹಳೆಯದು, ಅರ್ಧ ಹೊಸದು. ಹನ್ನೆರಡನೆಯದನ್ನು ಹಾಕಿ ಎಂದು ಪರದೆಯ ಮೇಲೆ ಒಂದೇ ಸಮನೆ ಕೇಳುತ್ತಿತ್ತು. ಕೂತೆ, ಎದ್ದೆ, ಗೇಟಿನವರೆಗೆ ಹೋಗಿ ಬಂದೆ. ನಡುವೆ ಕರೆಂಟು ಹೋದರೆ ಇಷ್ಟೂ ಇಲ್ಲ. ಕೊನೆಗೆ ಯಾರನ್ನೂ ಒಳಗೆ ಬಿಡಬೇಡ ಎಂದು ವಾಚ್‌ಮನ್‌ಗೆ ಹೇಳಿ ಸ್ಕೂಟರ್ ಒದ್ದೆ.

ಬಸವೇಶ್ವರನಗರದಲ್ಲಿ ಬಾಡಿಗೆಗಿದ್ದ ಮಹಿಳೆಯೊಬ್ಬರು ಇನ್ನೊಂದು ಕಾರ್ಖಾನೆಯಲ್ಲಿ ಇಂಥದೇ ಯಂತ್ರ ನೋಡಿಕೊಳ್ಳುತ್ತಿದ್ದರು. ಇದೇ ಆವೃತ್ತಿಯ ಫ್ಲಾಪಿಗಳು ಅವರ ಮನೆಯಲ್ಲಿದ್ದವು. ಹೋಗಿ ಹನ್ನೆರಡನೆಯದನ್ನು ಕೇಳಿದೆ.

"ನಿಮ್ದೇನಾಯ್ತು ಸಾರ್?"

"ಪೂಜೆಗಿಟ್ಟಿದ್ದೆ."

ಅವರು ಫ್ಲಾಪಿ ಹಿಡಿದಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಮೊದ್ಲು ಡ್ರೈವಲ್ಲಿ ಫ್ಲಾಪಿ ಓದೋ ಹೆಡ್ ಕ್ಲೀನ್ ಮಾಡಿ. ಕುಂಕುಮ ಅಲ್ಲೂ ಮೆತ್ಕೊಂಡಿರತ್ತೆ, ನಂದೂ ಹೋಗತ್ತೆ. ಮಾಡ್ತೀನಿ ಅಂತ ಮಾತು ಕೊಡಿ, ಆಮೇಲೆ ತಗೊಳ್ಳಿ."

ಮಾತು ಕೊಟ್ಟೆ. ಮರಳಿ ಬಂದು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡನ್ನು ಒರೆಸಿದೆ, ಹತ್ತಿ ಕೆಂಪಾಯಿತು. ಬೆಳ್ಳಗೆ ಉಳಿಯುವವರೆಗೂ ಒರೆಸಿದೆ. ಆಮೇಲೂ ಫ್ಲಾಪಿ ಹಾಕಲು ಧೈರ್ಯ ಬರಲಿಲ್ಲ. ಕೋಣೆಯಲ್ಲಿ ನಾಲ್ಕು ಸುತ್ತು ತಿರುಗಿದೆ. ಕೊನೆಗೆ ಫ್ಲಾಪಿ ಹಾಕಿದೆ. ಡ್ರೈವು ಕರಕರ ಎಂದಿತು, ನಿಂತಿತು, ಮತ್ತೆ ಕರಕರ ಎಂದಿತು. ಸಂಜೆಯೊಳಗೆ ಚೀಟಿಗಳೆಲ್ಲ ಅಚ್ಚಾದವು.

ಸೋಮವಾರ ಹಿರಿಯರು ಒಂದು ಚೀಟಿಯನ್ನು ಕನ್ನಡಕದ ಕೆಳಗೂ ಮೇಲೂ ಹಿಡಿದು ನೋಡಿದರು. "ಏನ್ರೀ ಬದ್ಲಾಗಿದೆ ಇದ್ರಲ್ಲಿ?"

"ಏನೂ ಇಲ್ಲ ಸಾರ್."

"ಹಾಗಾದ್ರೆ ಸರಿ," ಎಂದು ಹಂಚಲು ಹೊರಟರು. ಲೇತುಗಳು ಹೊತ್ತಿಗೆ ಸರಿಯಾಗಿ ತಿರುಗತೊಡಗಿದವು. ನನಗೆ ಮಾತ್ರ ಮಧ್ಯಾಹ್ನದವರೆಗೂ ಕುರ್ಚಿಯಲ್ಲಿ ಕೂರಲಾಗಲಿಲ್ಲ.