ಕೊಡ ಹೊತ್ತವರ ಕಣ್ಣೆತ್ತರಕ್ಕೆ

ಶಹಾಬಾದಿನ ಹಳೇ ಓಣಿಯ ಗೋಡೆಯಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಕೊಂಡಿ ಇದೆ. ಮೊನ್ನೆ ಅಳತೆ ಹಿಡಿಯಲು ಹೋದಾಗ ಟೇಪು ಅದಕ್ಕೇ ಸಿಕ್ಕಿಕೊಂಡಿತು. ಜೊತೆಗಿದ್ದ ಸರ್ವೇಯರ್ ಅದನ್ನು ಎಳೆದು ನೋಡಿ, "ಇದು ಎದಕ್ಕ ಹೊಡದಾರ್ರಿ ಮೇಡಮ್? ದನ ಕಟ್ಟಲಿಕ್ಕ ಭಾಳ ಮ್ಯಾಲಾತು" ಎಂದ. ನಾನು ಟೇಪು ಬಿಡಿಸಿಕೊಂಡೆ. ಆ ಕೊಂಡಿ ಹೊಡೆದವರು ನಮ್ಮ ಡ್ರಾಯಿಂಗ್ ಸರ್.

ನಾನು ಹುಟ್ಟಿ ಬೆಳೆದದ್ದು ಅದೇ ಓಣಿಯಲ್ಲಿ. ಈಗ ಕಲಬುರಗಿಯಲ್ಲಿದ್ದುಕೊಂಡು ಕಟ್ಟಡಗಳ ನಕ್ಷೆ ಬರೆಯುತ್ತೇನೆ. ಓಣಿಯ ಎರಡು ಬದಿಗೆ ಎದುರುಬದುರಾಗಿರುವ ಹಳೇ ವಾಡೆಗಳನ್ನು, ಆ ದೊಡ್ಡ ಮನೆಗಳನ್ನು, ಒಡೆಯರು ಊರಿಗೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಚಿತ್ರಕಲೆಯ ಮ್ಯೂಸಿಯಂ ಆಗಬೇಕು, ನಕ್ಷೆ ನನ್ನದು. ತವರಿನ ಕೆಲಸವೆಂದು ಕುಣಿಯುತ್ತ ಒಪ್ಪಿಕೊಂಡೆ. ಆಮೇಲೆ ತಿಳಿಯಿತು, ಮ್ಯೂಸಿಯಂ ಕಮಿಟಿಯವರಿಗೆ ವಾಡೆಗಳಷ್ಟೇ ಅಲ್ಲ, ನಡುವಿನ ಓಣಿಯೂ ಬೇಕಂತೆ. ಎರಡೂ ತುದಿಗೆ ಗೇಟು ಜಡಿದು, ಮೇಲೆ ಗಾಜು ಹೊದಿಸಿ, ಒಂದು ದೊಡ್ಡ ಹಾಲ್ ಮಾಡಬೇಕಂತೆ. ಬಜಾರಿಗೆ ಹೋಗುವ ಜನ ಮಸೀದಿಯ ಹಿಂದಿನಿಂದ ಸುತ್ತಿ ಹೋಗಲಿ ಎಂದರು. ಓಣಿ ಮುಚ್ಚಲು ಬಿಡುವುದಿಲ್ಲ ಎಂದು ನಾನು ಹಟ ಹಿಡಿದು ಕುಳಿತೆ.

ಆ ಹಟ ನನ್ನದಲ್ಲ, ಸರ್ ಅವರದು.

ಸರ್ ಸುಲೇಪೇಟದವರು. ನಮ್ಮೂರ ಶಾಲೆಗೆ ಬಂದು, ನಮ್ಮ ಓಣಿಯ ವಾಡೆಯ ಮೂಲೆಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದಿದ್ದರು. ಸಣಕಲು ಮೈ, ತೋಳಿನ ತುಂಬ ಬಣ್ಣದ ಕಲೆ, ಮಾತು ಕಡಿಮೆ. ಅವರಿಗೊಂದು ಕೊರಗಿತ್ತು. ಮಕ್ಕಳ ಚಿತ್ರಗಳನ್ನು ಶಾಲೆಯಲ್ಲಿ ತೂಗುಹಾಕಿದರೆ ಮಾಸ್ತರರು ನೋಡುತ್ತಿದ್ದರು, ಸಾಹೇಬರು ನೋಡುತ್ತಿದ್ದರು, ಆ ಮಕ್ಕಳ ತಾಯಂದಿರು ಮಾತ್ರ ಒಳಗೆ ಕಾಲಿಡುತ್ತಿರಲಿಲ್ಲ. ಕರೆದರೆ, "ನಮಗೇನ್ ತಿಳೀತದ್ರಿ ಸರ್" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಹೋಗಿಬಿಡುತ್ತಿದ್ದರು. ಬಾರದವರನ್ನು ಬೈಯುತ್ತ ಕೂರುವ ಜಾಯಮಾನ ಸರ್ ಅವರದಲ್ಲ. ಹೆಂಗಸರೆಲ್ಲ ಬೆಳಿಗ್ಗೆ ನೀರಿಗೆ ಹೋಗುವುದು ನಮ್ಮ ಓಣಿಯಿಂದಲೇ ಅಲ್ಲವೇ, ನಳ ಇದ್ದದ್ದು ಅದರ ತುದಿಯಲ್ಲಿ. ಗೋಡೆಯುದ್ದಕ್ಕೂ ಕೊಂಡಿ ಹೊಡೆದು ಹಗ್ಗ ಕಟ್ಟಿದರು. ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ಮೇಲೆ ಒಂದು ಭಾನುವಾರ, ಬಟ್ಟೆಯ ಕ್ಲಿಪ್ಪಿನಲ್ಲಿ ನಮ್ಮ ಚಿತ್ರಗಳು ಅಲ್ಲಿ ತೂಗಾಡುತ್ತಿದ್ದವು.

ಆ ಕೊಂಡಿ ಹೊಡೆದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸರ್ ಅವರ ಹೆಂಡತಿಯನ್ನು ನಾವು ಕಾಕು ಎನ್ನುತ್ತಿದ್ದೆವು. ಪಾಪ, ಕಾಕು ತಲೆಯ ಮೇಲೆ ತುಂಬಿದ ಕೊಡ ಹೊತ್ತು ಓಣಿಯಲ್ಲಿ ಅತ್ತಿಂದಿತ್ತ ನಡೆಯಬೇಕು, ಸರ್ ಗೋಡೆಯ ಮೇಲೆ ಸೀಮೆಸುಣ್ಣದ ಗುರುತನ್ನು ಮೇಲೆ ಕೆಳಗೆ ಮಾಡಬೇಕು. ಖಾಲಿ ಕೊಡ ಸಾಲದೇ ಎಂದರೆ ಕೇಳಲಿಲ್ಲ.

"ಖಾಲಿ ಕೊಡ ಹೊತ್ರ ಕುತ್ತಗಿ ಹೊರಳತದ. ತುಂಬಿದ ಕೊಡ ಹೊತ್ತವರು ತಲಿ ಎತ್ತಂಗಿಲ್ಲ, ಬಗ್ಗಸಂಗಿಲ್ಲ. ಬರೀ ಕಣ್ಣು ಹೊರಳಸಿದ್ರ ಚಿತ್ರ ಕಾಣಬೇಕು."

"ನಿಮ್ಮ ಚಿತ್ರದ ಸಲುವಾಗಿ ನನ್ನ ಕುತ್ತಗಿ ಹೋಗ್ತದ ನೋಡ್ರಿ!" ಎಂದು ಕಾಕು ಬೈದರು. ಬೈಯುತ್ತಲೇ ಮತ್ತೊಂದು ಸುತ್ತು ನಡೆದರು.

ಮೊದಲ ವರ್ಷ ಒಂದು ಆಡು ಹಿಂಗಾಲ ಮೇಲೆ ನಿಂತು ಯಾರದೋ ಗಿಳಿಯ ಚಿತ್ರವನ್ನು ಅರ್ಧ ತಿಂದುಹಾಕಿತು. ಬರೆದ ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಮರುದಿನ ಶಾಲೆಯಲ್ಲಿ ಸರ್ ಅವನ ತಲೆ ಸವರಿ, "ಹಸರು ಬಣ್ಣ ಛಲೋ ಹಚ್ಚೀದಿ ಮಗಾ, ಆಡಿಗೂ ತಿಳೀತು" ಎಂದಿದ್ದರು...

ಎರಡನೆಯ ವರ್ಷ ನನ್ನ ಚಿತ್ರವೂ ಹಗ್ಗಕ್ಕೇರಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವ ಅವ್ವ. ಅವ್ವ ಕಲ್ಲಿನ ಗಣಿಯಲ್ಲಿ ಕೂಲಿ ಮಾಡುತ್ತಿದ್ದಳು, ಶಾಲೆಯ ಹೊಸ್ತಿಲು ಒಮ್ಮೆಯೂ ದಾಟಿದವಳಲ್ಲ. ಕೊಡ ಹೊತ್ತು ಬಂದವಳು ಆ ಚಿತ್ರದ ಮುಂದೆ ನಿಂತೇಬಿಟ್ಟಳು. ಕೊಡದ ನೀರು ತುಳುಕಿ ಅವಳ ಹೆಗಲ ಮೇಲೆ ಇಳಿಯುತ್ತಿತ್ತು. ಹಿಂದಿನವರು, "ಮುಂದ ನಡೀಯವ್ವಾ, ನಮಗೂ ಭಾರ ಆಗ್ಲಿಕತ್ತದ" ಎಂದು ಕೂಗಿದರೂ ಅವಳಿಗೆ ಕೇಳಲಿಲ್ಲ. ಅವತ್ತು ಸಂಜೆ ರೊಟ್ಟಿ ಬಡಿಯುತ್ತ, ನನ್ನ ಮುಖ ನೋಡದೆಯೇ, "ಒಲಿ ಮುಂದ ನಾ ಅಷ್ಟು ಚಂದ ಕಾಣ್ತೀನೇನು?" ಎಂದು ಕೇಳಿದಳು. ನಾನು ಇವತ್ತು ಏನಾಗಿದ್ದೇನೋ ಅದೆಲ್ಲ ಆ ಒಂದು ಮಾತಿನಿಂದ ಶುರುವಾದದ್ದು.

ಇದನ್ನೆಲ್ಲ ಕಮಿಟಿಯ ಮುಂದೆ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಧೂಳು ಬರುತ್ತದೆ ಎಂದರು, ಕಳವಾಗುತ್ತದೆ ಎಂದರು. ಹಿರಿಯರೊಬ್ಬರು, "ಮ್ಯೂಸಿಯಂದಾಗ ಆಡು ಬರ್ತಾವ್ರಿ ಮೇಡಮ್ಮಾರ" ಎಂದು ನಕ್ಕರು. "ಬರ್ಲಿ ಬಿಡ್ರಿ, ನಿಮ್ಮ ಗೇಟಿಗಿ ಹೆದರಿ ಮನುಷ್ಯಾರು ಬರಂಗಿಲ್ಲಲ್ಲ, ಆಡಾದ್ರೂ ಬರ್ಲಿ" ಎಂದೆ. ಸಿಟ್ಟಿನಲ್ಲಿ ಆಡಿದ ಮಾತು, ಆದರೆ ಯಾಕೋ ಅದೇ ಅವರಿಗೆ ನಾಟಿತು. ಮುಂದಿನ ಮೀಟಿಂಗಿನಲ್ಲಿ ಒಪ್ಪಿದರು. ಓಣಿಗೆ ಗೇಟಿಲ್ಲ. ವಾಡೆಯ ಗೋಡೆಗಳಲ್ಲಿ ಗಾಜಿನ ಹಿಂದೆ ಚಿತ್ರಗಳಿರುತ್ತವೆ, ಸಂತೆಗೆ ಹೋಗುವವರು, ನಮಾಜಿಗೆ ಹೋಗುವವರು, ಶಾಲೆ ಬಿಟ್ಟ ಮಕ್ಕಳು ಎಲ್ಲರೂ ನೋಡುತ್ತಲೇ ಹಾದುಹೋಗಬಹುದು. ಈಗ ಮನೆ ಮನೆಗೂ ನಳ ಬಂದಿದೆ, ಕೊಡ ಹೊತ್ತವರು ಕಾಣಸಿಗುವುದಿಲ್ಲ. ಆದರೂ ಚಿತ್ರಗಳ ಎತ್ತರ ಮಾತ್ರ ಸರ್ ಇಟ್ಟದ್ದೇ.

ಗೆದ್ದ ಸುದ್ದಿ ಹೇಳೋಣವೆಂದರೆ ಯಾರಿದ್ದಾರೆ? ಸರ್ ತೀರಿಕೊಂಡು ವರ್ಷಗಳಾದವು. ಅವ್ವನೂ ಇಲ್ಲ. ನಕ್ಷೆ ಸುತ್ತಿ ಬಗಲಲ್ಲಿಟ್ಟುಕೊಂಡು ಸುಲೇಪೇಟದ ಬಸ್ಸು ಹತ್ತಿದೆ. ಕಾಕು ಅಲ್ಲಿ ಮಗಳ ಮನೆಯಲ್ಲಿದ್ದಾರೆ. ತುಂಬಿದ ಮನೆ, ಮೊಮ್ಮಕ್ಕಳ ಗಲಾಟೆ. "ಬಾ ಯವ್ವಾ, ಕುಂದ್ರು" ಎಂದು ಕೈ ಹಿಡಿದು ಕೂರಿಸಿಕೊಂಡರು. ನೆಲದ ಮೇಲೆ ನಕ್ಷೆ ಬಿಚ್ಚಿದೆ. ಕಾಕು ಬಜಾರಿನ ಕಡೆಯಿಂದ ಬೆರಳಿಟ್ಟು, ಓಣಿಯುದ್ದಕ್ಕೂ ಮೆಲ್ಲಗೆ ಬಂದರು. ಮುಖ ಅರಳಿತು. ತುದಿಗೆ ಬಂದು ಬೆರಳು ನಿಂತಿತು.

"ಎಲ್ಲಾ ಛಲೋ ಅದ ಯವ್ವಾ. ಇದರಾಗ ಅವರು ಎಲ್ಲಿ ನಿಂದ್ರಬೇಕು?"

ನನಗೆ ಅರ್ಥವಾಗಲಿಲ್ಲ. ಚಿತ್ರ ತೂಗುಹಾಕಿ ಸರ್ ಎಲ್ಲಿಗೋ ಹೋಗಿಬಿಡುತ್ತಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ಕಾಕು ಹೇಳಿದರು, ಆ ಭಾನುವಾರ ಪೂರ್ತಿ ಅವರು ತಮ್ಮ ಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದರಂತೆ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲವಂತೆ. "ಹೊರಗ ಬಂದ್ರ ಹೆಣ್ಮಕ್ಕಳು ನಾಚಿ ಹೋಗ್ತಾರಂತ, ಸಂದಿನಾಗ ನಿಂತು ಅವರ ಮಾರಿ ನೋಡ್ತಿದ್ರು. ನಿಮ್ಮವ್ವ ನಿಂತಾಗ ನನ್ನನ್ನೂ ಕರದು ತೋರಿಸಿದ್ರು."

ನಕ್ಷೆ ನೋಡಿದೆ. ಕಾವಲುಗಾರನಿಗೆ ಜಾಗವಿದೆ, ಚಪ್ಪಲಿಗೆ ಜಾಗವಿದೆ, ಆ ಬಾಗಿಲಿದ್ದಲ್ಲಿ ನಾನು ಕರೆಂಟಿನ ಮೀಟರಿನ ಕೋಣೆ ಬರೆದಿದ್ದೇನೆ. ಅದನ್ನು ಅಳಿಸಿ ಬಾಗಿಲು ಬರೆಯಬಹುದು, ಬರೆಯುತ್ತೇನೆ. ಅದರ ಹಿಂದೆ ನಿಲ್ಲುವವರನ್ನು ಎಲ್ಲಿಂದ ತರಲಿ... ಇಷ್ಟು ವಯಸ್ಸಾದವಳು, ಆ ಮಕ್ಕಳೆಲ್ಲ ನೋಡುತ್ತಿದ್ದಂತೆಯೇ, ಕಾಕುವಿನ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ.