ಅಕ್ಕನ ಮಾಳಿಗೆ ತೋರಿಸಿ ಸೋಲಾರ್ ಮಾರಿದವನು

ಅವನಿಗೆ ಬಿಸಿಲಪ್ಪ ಎಂದು ಹೆಸರಿಟ್ಟವರು ಆಫೀಸಿನಲ್ಲಿ ಯಾರೋ ಏನೋ, ಅವನಂತೂ ಅದನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದ. ಮನೆಗಳ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಕೊಡುವ ಕಂಪನಿ ಅದು. ಕೆಳಗೆ ಪಾತ್ರೆ ಅಂಗಡಿ, ಮೇಲೆ ಒಂದೇ ಕೋಣೆಯ ಆಫೀಸು. ಊರಿಗೆಲ್ಲ ಬಿಸಿಲು ಮಾರುವ ಆ ಆಫೀಸಿಗೆ ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕು. ಗೋಡೆಯ ಮೇಲೆ, ತಿಂಗಳಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದವನ ಫೋಟೋಗೆಂದು ಒಂದು ಚೌಕಟ್ಟು. ಅದರೊಳಗೆ ಬಹಳ ಕಾಲದಿಂದ ಬಿಸಿಲಪ್ಪನೇ ಬಿಡಾರ ಹೂಡಿದ್ದ. ಕಪ್ಪು ಕನ್ನಡಕ ಹಣೆಗೇರಿಸಿಕೊಂಡು, ಸೂರ್ಯನನ್ನು ತಾನೇ ಸಾಕಿ ಬೆಳೆಸಿದವನ ಹಾಗೆ ಹಲ್ಲು ಬಿಟ್ಟಿದ್ದ.

ತಾನು ಇವತ್ತಿನವರೆಗೆ ಒಂದು ಸುಳ್ಳೂ ಹೇಳಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ಹೇಳಿರಲಿಲ್ಲ, ನಿಜ. ಸುಳ್ಳು ಹೇಳುವ ಕೆಲಸವನ್ನು ಅವನು ಗಿರಾಕಿಗೇ ವಹಿಸುತ್ತಿದ್ದ. ಪ್ಯಾನೆಲ್ ಹಾಕಿಸಿಕೊಳ್ಳುವ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಒಂದಿದೆ: ಬೀದಿಯ ಕರೆಂಟ್ ಹೋದಾಗ ನಮ್ಮನೆಯಲ್ಲಿ ಇರುತ್ತೆ ತಾನೇ? ಇರುವುದಿಲ್ಲ. ಬ್ಯಾಟರಿ ಇಲ್ಲದ ಸೋಲಾರ್, ಬೀದಿಯ ಲೈನು ಸತ್ತ ಕ್ಷಣವೇ ತಾನೂ ಸಾಯುತ್ತದೆ, ನೆತ್ತಿಯ ಮೇಲೆ ಬೆಂಕಿಯಂಥ ಬಿಸಿಲಿದ್ದರೂ ಸರಿ. ಇಷ್ಟನ್ನು ಹೇಳಿದರೆ ಅರ್ಧ ಜನ ಯೋಚನೆ ಮಾಡಿ ಹೇಳ್ತೀವಿ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಬ್ಯಾಟರಿಯ ಬೆಲೆ ಹೇಳಿದರೆ ಉಳಿದರ್ಧವೂ ಹಾಕಿಕೊಳ್ಳುತ್ತಾರೆ. ಅದಕ್ಕೇ ಬಿಸಿಲಪ್ಪ ಆ ಪ್ರಶ್ನೆ ಬಂದಾಗಲೆಲ್ಲ ಮುಖ ಮೇಲೆತ್ತಿ ಆಕಾಶ ನೋಡಿ ನಗುತ್ತಿದ್ದ. ಸೂರ್ಯನಿಗೆ ಯಾರಾದ್ರೂ ಸ್ವಿಚ್ ಹಾಕೋಕಾಗುತ್ತಾ ಸಾರ್, ಎನ್ನುತ್ತಿದ್ದ. ಗಿರಾಕಿಯೂ ನಗುತ್ತಿದ್ದ, ಸಹಿ ಹಾಕುತ್ತಿದ್ದ. ಹೊಸದಾಗಿ ಸೇರಿದವರಿಗೆ ಪಾಠ ಮಾಡುವಾಗ ಅವನು ಈ ನಗೆಯನ್ನೂ ಕಲಿಸುತ್ತಿದ್ದ, ಕತ್ತು ಎಷ್ಟು ಎತ್ತಬೇಕು ಎನ್ನುವುದರ ಸಮೇತ.

ಪರರ ಕಿವಿಗೆ ಹೂವಿಟ್ಟ ಕೈ ಮನೆಯವರ ಕಿವಿಗೆ ಬಂದಾಗ ನಾಚಬೇಕಿತ್ತು. ನಾಚಲಿಲ್ಲ. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಭಾವ ಲಾರಿ ಓಡಿಸುತ್ತ ಊರೂರು ಅಲೆಯುವವನು. ಅಕ್ಕ ಮನೆಯ ಹಿಂದಿನ ಕೋಣೆಯಲ್ಲಿ ಕೋಳಿಮರಿ ಮಾಡಿಸಿ ಮಾರುತ್ತಿದ್ದಳು. ಬೀರುವಿನಷ್ಟು ಎತ್ತರದ ಕಾವಿನ ಪೆಟ್ಟಿಗೆ, ಅದರೊಳಗೆ ಮೊಟ್ಟೆ ಜೋಡಿಸಿದ ತಟ್ಟೆಗಳು, ಶಾಖ ಸಮನಾಗಿ ಹರಡಲು ಹಿಂಬದಿಯಲ್ಲೊಂದು ಫ್ಯಾನು. ಕರೆಂಟ್ ಹೋದರೆ ಇರಲಿ ಎಂದು ಅಂಗಳದಲ್ಲಿ ಒಂದು ಹಳೇ ಡೀಸೆಲ್ ಜನರೇಟರ್ ಇಟ್ಟುಕೊಂಡಿದ್ದಳು. ಕೆಮ್ಮುತ್ತ ಉಗಿಯುತ್ತ ಓಡುತ್ತಿತ್ತು, ಆದರೆ ಓಡುತ್ತಿತ್ತು.

ಬಿಸಿಲಪ್ಪನಿಗೆ ಒಂದು ಮಾದರಿ ಮನೆ ಬೇಕಿತ್ತು. ಈ ಧಂದೆಯಲ್ಲಿ ಹಾಗೇ. ಅನುಮಾನದ ಗಿರಾಕಿಯನ್ನು ಕರೆದೊಯ್ದು, ನೋಡಿ, ಇವರನ್ನೇ ಕೇಳಿ ಎನ್ನಲು ಒಂದು ಮಾಳಿಗೆ ಇರಬೇಕು. ಅಕ್ಕನ ಮಾಳಿಗೆಗಿಂತ ಒಳ್ಳೆಯದು ಯಾವುದು? ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, ಎಲ್ಲರೂ ಕೇಳುವುದೇ. ತಮ್ಮ ಕತ್ತೆತ್ತಿ ನಕ್ಕ. ತಮ್ಮ ನಕ್ಕನಲ್ಲ ಎಂದು ಅಕ್ಕನೂ ನಕ್ಕಳು. ಪ್ಯಾನೆಲ್ ಏರಿದ ಮೇಲೆ ಅವನ ಕಣ್ಣು ಜನರೇಟರಿನ ಮೇಲೆ ಬಿತ್ತು. ಮಾದರಿ ಮನೆಯ ಅಂಗಳದಲ್ಲಿ ಅದು ಕೂತಿದ್ದರೆ, ಸೋಲಾರ್ ಇದ್ದ ಮೇಲೆ ಇದ್ಯಾಕೆ ಎಂದು ಗಿರಾಕಿ ಕೇಳದೆ ಬಿಡುತ್ತಾನೆಯೇ? ಇನ್ನು ಈ ಹೊಗೆಡಬ್ಬ ಯಾಕಕ್ಕ ಎಂದು ರಾಗ ಎಳೆದು, ಕೊಳ್ಳುವವನನ್ನು ತಾನೇ ಹುಡುಕಿ, ತಾನೇ ನಿಂತು ಗಾಡಿಗೆ ಹತ್ತಿಸಿ ಕಳಿಸಿದ. ಆ ಜಾಗದಲ್ಲಿ ಎರಡು ಹೂವಿನ ಕುಂಡ ತಂದಿಟ್ಟ. ಅಕ್ಕ ಬೀದಿಯವರಿಗೆಲ್ಲ, ನನ್ನ ತಮ್ಮ ನನಗೆ ಕರೆಂಟಿನ ಚಿಂತೆಯೇ ಇಲ್ಲದ ಹಾಗೆ ಮಾಡಿದ ಎಂದು ಹೇಳಿಕೊಂಡು ಬಂದಳು.

ಅದಾಗಿ ವಾರವೂ ಕಳೆದಿರಲಿಲ್ಲ, ನಡುವೆ ಒಮ್ಮೆಯೂ ಕರೆಂಟ್ ಹೋಗಿರಲಿಲ್ಲ. ಅಷ್ಟರಲ್ಲಿ ಬೀದಿಯ ಕಂಬ ಬದಲಿಸಲು ಇಡೀ ದಿನ ಲೈನು ತೆಗೆಯುತ್ತೇವೆ ಎಂದು ವಿದ್ಯುತ್ ಕಚೇರಿಯವರು ಸಾರಿ ಹೋದರು. ನೆರೆಯವರು ನೀರು ತುಂಬಿಸಿಕೊಂಡರು, ಫೋನ್ ಚಾರ್ಜ್ ಮಾಡಿಕೊಂಡರು. ಅಕ್ಕ ಏನೂ ಮಾಡಿಕೊಳ್ಳಲಿಲ್ಲ. ಪೆಟ್ಟಿಗೆಯ ತುಂಬ ಇನ್ನೇನು ಒಡೆಯಲಿದ್ದ ಮೊಟ್ಟೆಗಳಿದ್ದವು. ಮರಿ ಬಲಿತ ಮೊಟ್ಟೆ ತಾನೇ ಶಾಖ ಬಿಡುತ್ತದೆ. ಫ್ಯಾನು ನಿಂತರೆ ಮರಿ ಒಳಗೊಳಗೇ ಬೆಂದು, ಉಸಿರುಗಟ್ಟಿ ಸಾಯುತ್ತದೆ.

ಆ ದಿನವೇ ಬಿಸಿಲಪ್ಪ ಗಿರಾಕಿಗಳನ್ನು ಕರೆತಂದ. ಕೆಲಸದಿಂದ ನಿವೃತ್ತನಾದ ಒಬ್ಬ ಕಂಪೌಂಡರ್, ಜೊತೆಗೆ ಅವನ ಹೆಂಡತಿ. ಬಿಸಿಲು ಭರ್ಜರಿಯಾಗಿತ್ತು. ಇಂಥ ದಿನ ಮಾಳಿಗೆ ಹತ್ತಿಸಿದರೆ ಗಿರಾಕಿ ಕರಗುತ್ತಾನೆ ಎಂಬುದು ಅವನ ಲೆಕ್ಕ. ಬೀದಿಯ ತುದಿಯಲ್ಲಿ ಕಂಬ ಹತ್ತಿದ್ದ ಲೈನ್‌ಮ್ಯಾನ್ ಅವನ ಕಣ್ಣಿಗೆ ಬೀಳಲಿಲ್ಲ. ಕರೆಗಂಟೆ ಒತ್ತಿದರೆ ಸದ್ದಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ಹಿಂದಿನ ಕೋಣೆಗೆ ಇಣುಕಿದರೆ, ಅಕ್ಕ ಪೆಟ್ಟಿಗೆಯ ಬಾಗಿಲು ತೆಗೆದಿಟ್ಟು ರಟ್ಟಿನಲ್ಲಿ ಬೀಸುತ್ತಿದ್ದಾಳೆ. ಸೆರಗು ಬೆವರಿಗೆ ತೊಯ್ದು ಮೈಗಂಟಿದೆ. ನಡುನಡುವೆ ಒಂದೊಂದು ಮೊಟ್ಟೆ ಎತ್ತಿ ಕಿವಿಗೆ ಹಿಡಿಯುತ್ತಾಳೆ, ಕೆಳಗಿಡುತ್ತಾಳೆ.

"ಬೆಳಿಗ್ಗೆ ಎಲ್ಲದರೊಳಗೂ ಚಿಂವ್ ಚಿಂವ್ ಅಂತಿದ್ವು ಕಣೋ," ಅಂದಳು. "ಈಗ ಒಂದೊಂದೇ ಸುಮ್ಮನಾಗ್ತಿವೆ. ಮೇಲೆ ನಿನ್ನ ಪ್ಯಾನೆಲ್ ಏನೋ ಕೆಟ್ಟಿದೆ, ಬೇಗ ನೋಡು."

ಪಾಪ, ಕೆಟ್ಟಿದೆ ಎಂದೇ ನಂಬಿದ್ದಳು. ಅವಳಿಗೆ ಅದೊಂದೇ ಅರ್ಥವಾಗುವ ಕಾರಣ. ಬಿಸಿಲಪ್ಪ ಹೌದಕ್ಕ, ಕೆಟ್ಟಿರಬೇಕು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅವಳು ಅದನ್ನೂ ನಂಬುತ್ತಿದ್ದಳು. ಆದರೆ ಪಕ್ಕದಲ್ಲಿ ಗಿರಾಕಿಗಳಿದ್ದರು. ಕಂಪನಿಯ ಮಾಲು ಕೆಟ್ಟಿತು ಎಂದು ಗಿರಾಕಿಯ ಎದುರು ಒಪ್ಪಿಕೊಳ್ಳುವುದೆಂದರೆ ಅವನ ಜಾಯಮಾನಕ್ಕೆ ಆಗದ ಮಾತು. ಕಂಪೌಂಡರನ ಹೆಂಡತಿ, ಇಷ್ಟು ಬಿಸಿಲಿದ್ದೂ ಯಾಕೆ ನಿಂತಿದೆ ಎಂದು ಕೇಳಿದ್ದೇ ತಡ, ಅವನ ನಾಲಿಗೆ ಮೈಕೊಡವಿ ಎದ್ದಿತು.

"ಕೆಟ್ಟಿಲ್ಲ ಮೇಡಂ, ಒಂದು ಚೂರೂ ಕೆಟ್ಟಿಲ್ಲ. ಇದು ಹೀಗೇ ಇರೋದು. ಲೈನ್‌ಮ್ಯಾನ್ ಕಂಬದ ಮೇಲಿರ್ತಾನೆ. ನಮ್ಮ ಮಾಳಿಗೆಯಿಂದ ತಂತಿಗೆ ಕರೆಂಟ್ ಹರಿದ್ರೆ ಅವನು ಸುಟ್ಟು ಹೋಗ್ತಾನೆ. ಅದಕ್ಕೇ ಬೀದಿ ಲೈನ್ ಹೋದ ತಕ್ಷಣ ಇದು ತಾನಾಗೇ ನಿಲ್ಲುತ್ತೆ. ಎಲ್ಲಾ ಮನೆಯಲ್ಲೂ ಹಾಗೇ. ಬೇಕು ಅಂದ್ರೆ ಬ್ಯಾಟರಿ ಹಾಕಿಸ್ಕೋಬೇಕು ಅಷ್ಟೇ."

ಎಷ್ಟು ಸೊಗಸಾಗಿ ಹೇಳಿದ. ಒಂದು ತೊದಲಿಲ್ಲ, ಒಂದು ತಪ್ಪಿಲ್ಲ. ಅವನ ಜೀವಮಾನದಲ್ಲಿ ಆ ಪ್ರಶ್ನೆಗೆ ಕೊಟ್ಟ ಮೊದಲ ನೇರ ಉತ್ತರ ಅದು. ರಟ್ಟು ಬೀಸುತ್ತಿದ್ದ ಅಕ್ಕನ ಕೈ ನಿಂತಿತು.

"ಹಾಗಾದ್ರೆ ನಿನಗೆ ಮೊದಲಿಂದಾನೂ ಗೊತ್ತಿತ್ತು," ಅಂದಳು.

ಬಿಸಿಲಪ್ಪ ಗಿರಾಕಿಗಳ ಕಡೆ ನೋಡಿದ.

"ಜನರೇಟರ್ ಗಾಡಿಗೆ ಹತ್ತಿಸೋವಾಗಲೂ ಗೊತ್ತಿತ್ತು."

ಅವನು ಪೆಚ್ಚು ಪೆಚ್ಚಾಗಿ ನಕ್ಕ. ಬ್ಯಾಟರಿ ಕಡಿಮೆ ಬೆಲೆಗೆ ಮಾಡಿಸಿಕೊಡುತ್ತೇನೆ ಎಂದು ಗೊಣಗಿದ. ಇಂಥ ಹೊತ್ತಿನಲ್ಲೂ ಅವನ ಬಾಯಿಂದ ಹೊರಟದ್ದು ವ್ಯಾಪಾರವೇ. ಅಕ್ಕ ಕೇಳಿಸಿಕೊಂಡಂತೆ ಕಾಣಲಿಲ್ಲ, ಮತ್ತೆ ಬೀಸತೊಡಗಿದಳು. ಕೊಡಕ್ಕ, ನಾನು ಬೀಸ್ತೀನಿ ಎಂದು ಅವನು ಕೈ ನೀಡಿದ. ಅವಳು ರಟ್ಟು ಕೊಡಲಿಲ್ಲ. ಅವನಿಗೆ ಆ ಕ್ಷಣ ಮೊಟ್ಟಮೊದಲ ಬಾರಿಗೆ ಭಯವಾಯಿತು. ಮೊಟ್ಟೆಗಳ ಬಗ್ಗೆ ಅಲ್ಲ, ಅಕ್ಕ ಬೈಯುತ್ತಿಲ್ಲವಲ್ಲ ಎಂದು.

ಕಂಪೌಂಡರ್ ಬಾಗಿಲ ಕಡೆ ಸರಿದಿದ್ದ. ಅವನ ಹೆಂಡತಿ ಮಾತ್ರ ಬಂದ ಕೆಲಸ ಬಿಡುವವಳಲ್ಲ. ಒಂದು ರಟ್ಟಿನ ತುಂಡು ಹೆಕ್ಕಿಕೊಂಡು ಅಕ್ಕನ ಪಕ್ಕ ಕೂತು ತಾನೂ ಬೀಸುತ್ತ, ನೀವೇ ಹೇಳಿ, ನಾವು ಹಾಕಿಸಿಕೊಳ್ಳಬಹುದಾ ಎಂದು ಮೆಲ್ಲಗೆ ಕೇಳಿದಳು.

ಅಕ್ಕ ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದಳು. ಅದನ್ನು ತಟ್ಟೆಗೆ ಮರಳಿಸದೆ ಪಕ್ಕದ ಬಕೆಟ್ಟಿಗೆ ಹಾಕಿದಳು.

"ಹಾಕಿಸ್ಕೊಳ್ಳಿ. ಪ್ಯಾನೆಲ್ ನನಗೇನೂ ಮೋಸ ಮಾಡಿಲ್ಲ. ಬ್ಯಾಟರಿ ಸಮೇತ ಹಾಕಿಸ್ಕೊಳ್ಳಿ, ಬೇರೆ ಯಾರ ಹತ್ರ ಆದ್ರೂ ಸರಿ. ಇವನ ಹತ್ರ ಮಾತ್ರ ಬೇಡ. ಇವನನ್ನ ಬೆಳೆಸಿದವಳು ನಾನು, ನಾನೇ ಹೇಳ್ತಿದೀನಿ."