ಓಡದೆ ಉಳಿದ ನಾಲ್ಕು ಟೈರುಗಳು

ರಾಮಮೂರ್ತಿ ನಗರದ ನಮ್ಮ ಭಜನಾ ಮಂಡಳಿಗೆ ಪ್ರತಿ ಶನಿವಾರ ಹಾರ್ಮೋನಿಯಂ ಪೆಟ್ಟಿಗೆಯನ್ನು ಹೊತ್ತು ತಂದು, ಮಂಗಳಾರತಿಯಾದ ಮೇಲೆ ಜಮಖಾನೆಯನ್ನು ತಾವೇ ಮಡಿಸಿಡುವ ಶ್ರೀಕಂಠಯ್ಯನವರನ್ನು ಓದುಗ ಬಂಧುಗಳಲ್ಲಿ ಹಲವರು ಬಲ್ಲಿರಿ. ಟೆಲಿಫೋನ್ ಕಾರ್ಖಾನೆಯ ಉಗ್ರಾಣ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ದುಡಿದು ನಿವೃತ್ತರಾದವರು. ಈಗ ಎಪ್ಪತ್ತಾರರ ವಯಸ್ಸು. ಯಾವ ವಸ್ತುವನ್ನೂ ವ್ಯರ್ಥಗೊಳಿಸದಿರುವುದು ಅವರ ವ್ರತ. ಆ ವ್ರತವೇ ಅವರನ್ನು ಹೇಗೆ ದಣಿಸಿತೆಂಬುದನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ.

ಅವರ ಮನೆಯ ಮುಂದೆ ಬೂದುಬಣ್ಣದ ಹಳೆಯ ಫಿಯೆಟ್ ನಿಂತಿರುತ್ತದೆ. ಅರವತ್ತೆರಡನೆಯ ಇಸವಿಯದು, ತಂದೆಯವರು ಕೊಂಡದ್ದು. ಅದರ ಮುಂದಿನ ಬಾಗಿಲುಗಳು ಈಗಿನ ಕಾರುಗಳಂತಲ್ಲದೆ ಹಿಂದಕ್ಕೆ ತೆರೆದುಕೊಳ್ಳುತ್ತವೆ. ಮುಂದೆ ಒಂದೇ ಉದ್ದನೆಯ ಸೀಟು. ಗೇರು ಸ್ಟೀರಿಂಗಿನ ಪಕ್ಕದಲ್ಲಿರುವುದರಿಂದ ಕಾಲಿಡುವ ಜಾಗವೆಲ್ಲ ಖಾಲಿ. ಪತ್ನಿ ಅಮ್ಮಣ್ಣಿಯವರಿಗೆ ಐದು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಬಲಮಂಡಿ ಮಡಿಸಲಾಗದು. ಆಟೋ ಹತ್ತಲಾರರು, ಬಾಡಿಗೆ ಕಾರುಗಳಲ್ಲಿ ಎರಡು ಸಲ ಪ್ರಯತ್ನಿಸಿ ನೋವಿನಿಂದ ಅತ್ತು ಇಳಿದಿದ್ದರು. ಈ ಫಿಯೆಟ್‌ನಲ್ಲಿ ಮಾತ್ರ ಹಿಮ್ಮುಖವಾಗಿ ಕುಳಿತು, ಕಾಲನ್ನು ನೀಳವಾಗಿಯೇ ಒಳಗೆ ಎಳೆದುಕೊಳ್ಳುತ್ತಾರೆ.

ಅವರು ಹೊರಗೆ ಹೋಗುವುದು ವಾರಕ್ಕೊಮ್ಮೆ. ಲಿಂಗರಾಜಪುರದಲ್ಲಿ ಅವರ ಅಕ್ಕ ರೇವತಿಯವರು ಸೊಸೆ ಶರ್ವಾಣಿಯೊಡನೆ ಇದ್ದಾರೆ. ಎಂಬತ್ತೆರಡು ವರ್ಷ, ಎರಡೂ ಕಣ್ಣು ಮಂಜಾಗಿವೆ. ಸೊಂಟ ದಾಟುವ ನರೆಗೂದಲನ್ನು ತಂಗಿಯ ಹೊರತು ಮತ್ತೊಬ್ಬರಿಗೆ ಮುಟ್ಟಗೊಡರು. ಗುರುವಾರ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಜಡೆ ಹೆಣೆದು ಬರುವುದು ಅಮ್ಮಣ್ಣಿಯವರ ಪಾಲಿನ ಪೂಜೆ. ದೇವರ ಮುಂದೆ ಹೂವು ಏರಿಸುವುದಕ್ಕಿಂತ ಅದು ಕಡಿಮೆಯೆಂದು ನನಗೆ ಎಂದೂ ತೋರಿಲ್ಲ.

ಕಳೆದ ಶ್ರಾವಣದ ಒಂದು ಗುರುವಾರ ಬಾಣಸವಾಡಿಯಲ್ಲಿ ಹಿಂದಿನ ಚಕ್ರ ಕುಸಿಯಿತು. ಸ್ಟೆಪ್ನಿ ಹಾಕಿದರೆ ಅದೂ ಗಾಳಿ ಬಿಡತೊಡಗಿತು. ಅಮ್ಮಣ್ಣಿಯವರು ಒಂದೂವರೆ ಗಂಟೆ ಕಾರಿನೊಳಗೇ ಕುಳಿತಿದ್ದು, ಕೊನೆಗೆ ಇಬ್ಬರೂ ಮನೆಗೆ ಮರಳಿದರು. ನಮ್ಮ ಬೀದಿಯ ಪಂಕ್ಚರ್ ಅಂಗಡಿಯ ವಸಂತ್ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ನೋಡಿದ.

“ಸಾರ್, ಇದ್ರಲ್ಲಿ ಟ್ಯೂಬಿಗಿಂತ ಪ್ಯಾಚೇ ಜಾಸ್ತಿ ಇದೆ. ಟೈರ್ ಒಳಗಡೆ ದಾರ ಎದ್ದಿದೆ, ಅದೇ ಟ್ಯೂಬನ್ನ ತಿಂತಿರೋದು. ಟೈರ್ ಚೇಂಜ್ ಮಾಡ್ಲೇಬೇಕು.”

“ಇನ್ನೊಂದು ಪ್ಯಾಚ್ ಹಾಕಪ್ಪ. ಇನ್ನೊಂದಷ್ಟು ದಿನ ಬರುತ್ತೆ.”

“ಹೋದ ವರ್ಷಾನೂ ಇದನ್ನೇ ಹೇಳಿದ್ರಿ.”

ಟೈರಿರಲಿಲ್ಲವೆಂದಲ್ಲ. ಆ ಅಳತೆಯವು ಸಿಗುವುದು ಕಷ್ಟವಾಗುತ್ತ ಬಂದಾಗ, ಹದಿನಾರು ವರ್ಷಗಳ ಹಿಂದೆಯೇ, ಶ್ರೀಕಂಠಯ್ಯನವರು ನಾಲ್ಕು ಹೊಸ ಟೈರುಗಳನ್ನು ಕೊಂಡು ಅಟ್ಟದ ಮೇಲಿಟ್ಟಿದ್ದರು. ಪೌಡರ್ ಸವರಿ, ಗೋಣಿ ಸುತ್ತಿ, ಪ್ರತಿ ಆಯುಧಪೂಜೆಗೆ ಇಳಿಸಿ, ಅರಿಶಿನ ಕುಂಕುಮ ಹಚ್ಚಿ, ಮತ್ತೆ ಏರಿಸುತ್ತಿದ್ದರು. ನಿಜವಾದ ಕಷ್ಟಕಾಲಕ್ಕೆ ಅವು ಇರಲೆಂದು ಅವರ ಎಣಿಕೆ. ಓಡುವ ಟೈರುಗಳ ಪಾಲಿಗೆ ಪ್ಯಾಚು.

ಎರಡನೆಯ ಗುರುವಾರ ಗೇಟಿನ ಬಳಿಯೇ ಚಕ್ರ ಕುಳಿತಿತು. ಮೂರನೆಯ ಗುರುವಾರವೂ ಹಾಗೆಯೇ ಆಯಿತು. ಅಂದು ಊಟಕ್ಕೆ ಸಾರು ಬಡಿಸುತ್ತ ಅಮ್ಮಣ್ಣಿಯವರು ಕೇಳಿದರು: “ಅಟ್ಟದ ಮೇಲಿರೋವು ಯಾವಾಗ ಇಳಿಯುತ್ವೆ? ನಾನು ಹೋದ್ಮೇಲಾ?”

ಶ್ರೀಕಂಠಯ್ಯನವರು ಮುಂದಿನ ಬುಧವಾರ ನಾಲ್ಕನ್ನೂ ಇಳಿಸಿ, ಕಾರಿಗೆ ತುಂಬಿ, ದಾರಿಯಲ್ಲಿ ಎರಡು ಕಡೆ ಇಳಿದು ಪಂಪು ತುಳಿದು, ಶಿವಾಜಿನಗರದ ಸಕ್ಲೇನ್ ಅವರ ಟೈರ್ ಅಂಗಡಿ ತಲುಪಿದಾಗ ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಸಕ್ಲೇನ್ ಗೋಣಿ ಬಿಚ್ಚಿ ಟೈರಿನ ಪಕ್ಕೆಯನ್ನು ಮಂಡಿಯಿಂದ ಅದುಮಿದರು. ರಬ್ಬರಿನ ತುಂಬ ಸಣ್ಣ ಬಿರುಕುಗಳು ಬಾಯಿಬಿಟ್ಟವು. ವರ್ಷವರ್ಷದ ಕುಂಕುಮ ಅವುಗಳೊಳಗೆ ಇಳಿದಿತ್ತು.

“ಅಂಕಲ್, ಇದು ಹಾಕೋಕಾಗಲ್ಲ.”

“ಹೊಸವಪ್ಪಾ ಇವು. ಒಂದು ಮೈಲಿನೂ ಓಡಿಲ್ಲ.”

“ಓಡಿಲ್ಲ, ಸರಿ. ಆದ್ರೆ ಹೊಸದಲ್ಲ. ರಬ್ಬರ್ ಸತ್ತೋಗಿದೆ. ತಂದಾಗ್ಲೇ ಹಾಕಿದ್ರೆ ಚೆನ್ನಾಗಿ ಓಡಿ ಮುಗ್ದಿರೋದು.”

“ನಿಧಾನವಾಗಿ ಓಡಿಸ್ತೀನಿ. ಲಿಂಗರಾಜಪುರದವರೆಗೆ ಅಷ್ಟೇ.”

“ಪಕ್ಕದಲ್ಲಿ ಆಂಟಿ ಕೂತಿರ್ತಾರಲ್ವಾ? ನಾನು ಹಾಕಲ್ಲ. ಬೇರೆ ಯಾರಾದ್ರೂ ಹಾಕಿಕೊಟ್ರೆ ಹೋಗಿ ಅಂಕಲ್, ನಂಗೇನು ಬೇಜಾರಿಲ್ಲ.”

ಶ್ರೀಕಂಠಯ್ಯನವರು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತು, ಬಿಚ್ಚಿದ ಗೋಣಿಯನ್ನು ಮಡಿಸತೊಡಗಿದರು. ಭಗವಂತ ಕೊಟ್ಟದ್ದನ್ನು ಕಾಪಾಡುವುದೇ ಭಕ್ತಿಯೆಂದು ನಾನೇ ಎಷ್ಟೋ ಸಲ ಅವರ ಮುಂದೆ ಪ್ರವಚನ ಮಾಡಿದ್ದೇನೆ. ಬಂಧುಗಳೇ, ಕೊಟ್ಟದ್ದನ್ನು ಅಗತ್ಯ ಬಿದ್ದ ದಿನವೇ ಬಳಸಿ, ನಾಳೆಯದನ್ನು ಅವನಿಗೇ ಬಿಡುವುದೂ ಭಕ್ತಿಯೆಂದು ಹೇಳಲು ನಾನು ಮರೆತಿದ್ದೆ. ಆ ಲೋಪ ನನ್ನದೂ ಹೌದು.

ಅದೇ ಅಳತೆಯ ಟೈರು ತರಿಸಲು ಎರಡು ತಿಂಗಳಾದರೂ ಬೇಕೆಂದರು ಸಕ್ಲೇನ್. ಈಗಿನ ಚಿಕ್ಕ ಕಾರುಗಳ ರೇಡಿಯಲ್ ಟೈರು ತುಸು ಅಗಲ; ಒಳಗೆ ಟ್ಯೂಬಿಟ್ಟು ಹಾಕಬಹುದು. ತಂದೆಯ ಕಾರಿನ ಒಂದು ಬೋಲ್ಟನ್ನೂ ಬದಲಿಸಲೊಪ್ಪದಿದ್ದ ಮನುಷ್ಯ ಹೇಳಿದರು: “ನಾಳೆ ಗುರುವಾರ. ಅದನ್ನೇ ಹಾಕಪ್ಪ.”

“ಸ್ಟೀರಿಂಗ್ ಟೈಟ್ ಆಗುತ್ತೆ ಅಂಕಲ್. ಇನ್ಮೇಲೆ ಜಿಮ್‌ಗೆ ಹೋಗೋ ಖರ್ಚು ಉಳೀತು ನಿಮ್ಗೆ” ಎಂದು ಸಕ್ಲೇನ್ ಜಾಕಿ ಹಾಕಿದರು.

ಮರುದಿನ ಚಕ್ರಗಳು ಎಲ್ಲಿಯೂ ಕುಸಿಯಲಿಲ್ಲ. ತಿರುವುಗಳಲ್ಲಿ ಸ್ಟೀರಿಂಗ್ ಎಳೆದೆಳೆದು ಲಿಂಗರಾಜಪುರ ತಲುಪುವಷ್ಟರಲ್ಲಿ ಶ್ರೀಕಂಠಯ್ಯನವರ ಭುಜ ಸೋತಿತ್ತು. ಅಮ್ಮಣ್ಣಿಯವರು ಎಣ್ಣೆಯ ಬಟ್ಟಲನ್ನು ಹಿಡಿದು ಒಳಗೆ ಹೋದವರು ಬಾಗಿಲಲ್ಲೇ ನಿಂತರು. ಮಂಚದ ಮೇಲೆ ಕುಳಿತಿದ್ದ ಅಕ್ಕನ ಕೂದಲು ಕುತ್ತಿಗೆಯವರೆಗೆ ಮಾತ್ರ ಇತ್ತು.

“ಯಾರು ಕತ್ತರಿಸಿದ್ದು?”

“ನಾನೇ ಚಿಕ್ಕಮ್ಮ” ಎಂದಳು ಶರ್ವಾಣಿ. “ಗಂಟುಗಂಟಾಗಿಬಿಟ್ಟಿತ್ತು. ನೆತ್ತಿ ನೋಯುತ್ತೆ ಅಂತ ಅತ್ತೆ ನಿದ್ದೆನೇ ಮಾಡ್ತಿರ್ಲಿಲ್ಲ. ಮೊನ್ನೆ ಅವ್ರೇ ಕತ್ತರಿಸಿಬಿಡು ಅಂದ್ರು.”

“ನೀನು ಬರ್ತೀಯ ಅಂತ ಕಾದೆ ಕಣೇ” ಎಂದರು ರೇವತಿಯವರು. “ಆಮೇಲೆ ತಡೆಯೋಕಾಗ್ಲಿಲ್ಲ.”

“ತಪ್ಪು ನಂದು ಅತ್ತಿಗೆ. ಟೈರ್ ಹಾಕಿಸೋದು ತಡವಾಯ್ತು” ಎಂದರು ಶ್ರೀಕಂಠಯ್ಯನವರು.

“ಮೊದ್ಲೇ ಹಾಕಿಸ್ಬಾರ್ದಿತ್ತಾ?” ಎಂದರು ರೇವತಿಯವರು.

ಅಮ್ಮಣ್ಣಿಯವರು ಕಾಲು ಚಾಚಿ ಅಕ್ಕನ ಹಿಂದೆ ಕುಳಿತು ಎಣ್ಣೆ ಹಚ್ಚತೊಡಗಿದರು. ಕೂದಲು ಮುಗಿದ ಮೇಲೂ ಅವರ ಬೆರಳುಗಳು ಬೆನ್ನುದ್ದಕ್ಕೆ ಸೊಂಟದವರೆಗೆ ಇಳಿದು, ಬರಿಗೈಯಾಗಿ ನೆತ್ತಿಗೆ ಮರಳುತ್ತಿದ್ದವು.